ಒಂದೇ ಪಾತಿ, ಹನ್ನೆರಡು ತಿಂಗಳ ಹೂ

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನ ಹೂವಿನ ಬಜಾರಿಗೆ ಹೋದವರು ಯಾವ ಮಾಸ ನಡೆದಿದೆ ಎಂದು ಪಂಚಾಂಗ ನೋಡಬೇಕಾಗಿಲ್ಲ. ಶ್ರಾವಣದಲ್ಲಿ ಸೋನಟಕ್ಕಾ ಹೂವಿನ ಘಮ, ದಸರೆಗೆ ಚೆಂಡುಹೂವಿನ ಗುಡ್ಡೆ, ಚಳಿ ಶುರುವಾಗುತ್ತಿದ್ದಂತೆ ಸೇವಂತಿಗೆಯ ರಾಶಿ. ಕನ್ನಡಿಗರು ಸುಗಂಧರಾಜ ಎನ್ನುವ, ಮರಾಠಿಗರು ನಿಶಿಗಂಧ ಎನ್ನುವ ಬಿಳಿ ಹೂ ಮಾತ್ರ ಹೆಚ್ಚುಕಡಿಮೆ ವರ್ಷವಿಡೀ ತಕ್ಕಡಿ ಏರುತ್ತಿರುತ್ತದೆ.

ಈ ಬಜಾರಿನ ದಕ್ಷಿಣಕ್ಕೆ ತಾಗಿಕೊಂಡಿರುವ ಬಡಾವಣೆ ಬಿಬವೇವಾಡಿ. ಹಳೆಯ ಬಂಗಲೆಗಳು, ಅವುಗಳ ನಡುವೆ ಎದ್ದ ಎತ್ತರದ ಸೊಸೈಟಿಗಳು, ಕಾಂಪೌಂಡ್ ಗೋಡೆಗೆ ಒತ್ತಿಕೊಂಡ ಮೂರ್ನಾಲ್ಕು ಅಡಿ ಅಗಲದ ಮಣ್ಣಿನ ಪಟ್ಟಿ. ಇಂಥ ಪಟ್ಟಿಗಳ ವಾರ್ಷಿಕ ಚರಿತ್ರೆ ಪುಣೆಯಲ್ಲಾಗಲಿ, ಬೆಳಗಾವಿ, ಹುಬ್ಬಳ್ಳಿಯಲ್ಲಾಗಲಿ ಒಂದೇ ತರಹದ್ದು. ನವೆಂಬರಿನಲ್ಲಿ ನರ್ಸರಿಯಿಂದ ಪಿಟೂನಿಯಾ, ಡಯಾಂಥಸ್‌ಗಳ ಕಪ್ಪು ಚೀಲಗಳು ಬರುತ್ತವೆ. ಜನವರಿಯಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾರೆ. ಮಾರ್ಚಿನಲ್ಲಿ ಗಿಡಗಳು ಸುಟ್ಟಂತಾಗುತ್ತವೆ, ಏಪ್ರಿಲಿನಲ್ಲಿ ಕಿತ್ತು ಎಸೆಯುತ್ತಾರೆ, ಜೂನ್ ಬಂದರೆ ಅಲ್ಲಿ ಕಾಂಗ್ರೆಸ್ ಕಸದ ರಾಜ್ಯ. ಮತ್ತೆ ನವೆಂಬರಿನಲ್ಲಿ ಹೊಸ ಗಿಡ, ಹೊಸ ಖರ್ಚು.

ಇದಕ್ಕೆ ಬೇರೊಂದು ದಾರಿಯಿದೆ. ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ ಬಹುವಾರ್ಷಿಕ ಗಿಡಗಳನ್ನೂ, ನೆಲದೊಳಗೆ ಮಲಗಿ ತಮ್ಮ ಹೊತ್ತಿಗೆ ಏಳುವ ಗಡ್ಡೆ ಹೂಗಳನ್ನೂ ಒಂದೇ ಪಾತಿಯಲ್ಲಿ ಕೂಡಿಸುವುದು. ಒಂದು ಹಿಂದೆ ಸರಿದಾಗ ಇನ್ನೊಂದು ಮುಂದೆ ಬರುತ್ತದೆ. ಯುರೋಪಿನ ತೋಟಗಾರರು ಇದರಲ್ಲಿ ಪಳಗಿದವರು. ಆದರೆ ಅವರ ಪುಸ್ತಕ ನೋಡಿ ಅದೇ ಗಿಡಗಳನ್ನು ದಖನ್ನಿನಲ್ಲಿ ನೆಟ್ಟರೆ ಕೈಗೆ ಸಿಗುವುದು ಕೊಳೆತ ಗಡ್ಡೆ. ವಿಧಾನ ಇಲ್ಲಿಗೂ ಸಲ್ಲುತ್ತದೆ, ಗಿಡಗಳ ಪಟ್ಟಿಯನ್ನು ಮಾತ್ರ ಇಲ್ಲಿಯದೇ ಮಾಡಿಕೊಳ್ಳಬೇಕು.

ಚಳಿಗೆ ಏಳುವವು, ಮಳೆಗೆ ಏಳುವವು

ಗಡ್ಡೆ ಎಂದರೆ ಗಿಡ ಕಷ್ಟಕಾಲಕ್ಕೆಂದು ತಾನೇ ಕಟ್ಟಿಟ್ಟುಕೊಂಡ ಬುತ್ತಿ. ಈರುಳ್ಳಿಯಂತೆ ಪದರ ಪದರವಾಗಿರುವುದು ಒಂದು ಬಗೆ, ಅಮರಿಲ್ಲಿಸ್, ಮಳೆ ಲಿಲ್ಲಿಗಳದ್ದು ಇದು. ಸುವರ್ಣಗಡ್ಡೆಯಂತೆ ಒಳಗೆಲ್ಲ ಗಟ್ಟಿಯಾಗಿರುವುದು ಇನ್ನೊಂದು, ಗ್ಲಾಡಿಯೋಲಸ್‌ನದು. ಕ್ಯಾನಾ ಮತ್ತು ಸುರುಳಿ ಸುಗಂಧಿ ಶುಂಠಿ, ಅರಿಶಿನಗಳ ಹಾಗೆ ಮಣ್ಣಿನೊಳಗೆ ಅಡ್ಡಡ್ಡ ಹರಡುತ್ತವೆ. ಡೇಲಿಯಾದ ಬೇರೇ ದಪ್ಪಗಾಗಿ ಗೆಣಸಿನಂತಾಗುತ್ತದೆ. ತೋಟದ ಮಟ್ಟಿಗೆ ಇವನ್ನೆಲ್ಲ ಗಡ್ಡೆ ಗಿಡಗಳೆಂದೇ ಎಣಿಸುತ್ತಾರೆ, ಏಕೆಂದರೆ ನಡವಳಿಕೆ ಒಂದೇ: ಹೊತ್ತು ಚೆನ್ನಾಗಿದ್ದಾಗ ಎಲೆ ಬಿಟ್ಟು ಆಹಾರ ಕೂಡಿಡುವುದು, ಹೊತ್ತು ಕೆಟ್ಟಾಗ ಮೇಲಿನದನ್ನೆಲ್ಲ ಬಿಟ್ಟುಕೊಟ್ಟು ಒಳಗೆ ಸೇರುವುದು.

ಕೆಟ್ಟ ಹೊತ್ತು ಯಾವುದು ಎಂಬುದರಲ್ಲಿ ಮಾತ್ರ ದೇಶ ದೇಶಕ್ಕೆ ವ್ಯತ್ಯಾಸ. ಟ್ಯೂಲಿಪ್‌ನ ತವರು ಮಧ್ಯ ಏಷ್ಯಾದ ಚಳಿನಾಡು. ಅದರ ಹೂದಂಡು ನೀಳವಾಗಿ ಮೇಲೇಳಬೇಕಾದರೆ ಗಡ್ಡೆ ಸುಮಾರು 12ರಿಂದ 16 ವಾರ ಕೊರೆಯುವ ತಂಪಿನಲ್ಲಿರಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಬಳಿಯಿರುವ ಇಂದಿರಾ ಗಾಂಧಿ ಸ್ಮಾರಕ ಟ್ಯೂಲಿಪ್ ತೋಟಕ್ಕೆ ಆ ಚಳಿ ಪುಕ್ಕಟೆ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು 10–12 ಡಿಗ್ರಿಗೆ ಇಳಿದರೂ ಹಗಲು ಮತ್ತೆ ಬೆಚ್ಚಗಾಗುತ್ತದೆ, ಮಣ್ಣು ವಾರಗಟ್ಟಲೆ ತಣ್ಣಗಿರುವುದೇ ಇಲ್ಲ. ಶೀತಗೃಹದಲ್ಲಿಟ್ಟು ತಂದ ಟ್ಯೂಲಿಪ್ ಇಲ್ಲಿ ಒಂದು ಸಲ ಅರಳೀತು. ಮರುವರ್ಷ ಅದನ್ನು ನೆಚ್ಚುವಂತಿಲ್ಲ.

ಪುಣೆಯಲ್ಲಿ ಋತುವನ್ನು ನಡೆಸುವುದು ನೀರು. ವರ್ಷಕ್ಕೆ ಸುಮಾರು 700–750 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಮೇಲೆ ದೀರ್ಘ ಒಣಗಾಲ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿಯ ಆಚೀಚೆಯ ಬಿಸಿಲು, ನಡುನಡುವೆ ಗುಡುಗಿನ ಅಡ್ಡಮಳೆ. ಇಲ್ಲಿನ ಪಾತಿಗೆ ಹೊಂದುವ ಗಡ್ಡೆಗಳು ಬರವನ್ನು ಮಲಗಿ ಕಳೆದು ಮೃಗಶಿರಾ ಮಳೆಗೆ ಕಣ್ಣು ಬಿಡುವಂಥವು. ಆಫ್ರಿಕಾದ ಬಯಲು, ಮೆಕ್ಸಿಕೋ, ದಕ್ಷಿಣ ಅಮೆರಿಕ ಮತ್ತು ನಮ್ಮದೇ ಸಹ್ಯಾದ್ರಿ ಇವುಗಳ ತವರುಮನೆ.

ಘಟ್ಟದ ತಲೆಯ ಮೇಲೆ, ಬೆಂಗಳೂರಿನ ಬೀದಿಯಲ್ಲಿ

ಇಂಥ ಪಾತಿಯ ಸ್ವಾಭಾವಿಕ ಮಾದರಿ ಪುಣೆಯಿಂದ ದೂರವೇನಿಲ್ಲ. ಸಾತಾರಾದಿಂದ ಸುಮಾರು 25 ಕಿಲೋಮೀಟರ್ ಮೇಲಿರುವ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜನ ಅಲ್ಲಿಗೆ ಸಾಲುಗಟ್ಟಿ ಹೋಗುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಬಣ್ಣದ ಜಮಖಾನೆ ನೋಡಲು. ಆ ಜಮಖಾನೆಯ ಬಹುಪಾಲು ಒಂದೇ ಮಳೆಗಾಲ ಬದುಕುವ ಪುಟ್ಟ ಗಿಡಗಳದ್ದು. ಆದರೆ ಘಟ್ಟದ ಹೂವಿನ ಸರದಿ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಬೇಸಿಗೆಯ ಬೋಳು ನೆಲದಿಂದ, ಒಂದೂ ಎಲೆಯಿಲ್ಲದೆ, ಕಾಡು ಈರುಳ್ಳಿಯ ಹೂದಂಡು ಏಳುತ್ತದೆ. ಮೇ ಕೊನೆ, ಜೂನ್ ಮೊದಲಿನ ಮಳೆಗೆ ಕ್ರೈನಮ್ ಜಾತಿಯ ಬಿಳಿ ಲಿಲ್ಲಿಗಳು ಬರುತ್ತವೆ. ಬೆನ್ನಿಗೇ ಮುಸಳಿಯ ಜಾತಿಗಳು ಚಿಗುರುತ್ತವೆ, ಕೊಂಕಣದ ಸಂತೆಗಳಲ್ಲಿ ಅದರ ಎಳೆಯ ಎಲೆಯನ್ನು ಸೊಪ್ಪಾಗಿ ಮಾರುತ್ತಾರೆ. ನಂತರ ಕಾಡು ಅರಿಶಿನದ ಗುಲಾಬಿ ತಲೆಗಳು, ಬೇಲಿ ಹತ್ತಿದ ಅಗ್ನಿಶಿಖೆ. ಒಂದೇ ಅಂಗೈ ಮಣ್ಣಿನಲ್ಲಿ ಮೂರ್ನಾಲ್ಕು ಗಿಡಗಳು ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ತಿಂಗಳಲ್ಲಿ, ಒಂದಕ್ಕೊಂದು ಅಡ್ಡಬರದೆ ಬದುಕುತ್ತವೆ.

ಸರದಿಯ ಇದೇ ಲೆಕ್ಕವನ್ನು ಕನ್ನಡಿಗರು ತಲೆಯೆತ್ತಿ ನೋಡಿದ್ದಾರೆ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು, ಬರೋಡಾ ಸಂಸ್ಥಾನದಲ್ಲಿ ದುಡಿದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಜಿಸಿದವರು. ಲಾಲ್‌ಬಾಗಿನಲ್ಲಿ ಅವರು ಕಟ್ಟಿದ ಪರಂಪರೆ ಮುಂದುವರಿದು, ಇಂದಿಗೂ ನಗರದಲ್ಲಿ ತಬೂಬಿಯಾ, ಜಕರಂದಾ, ಗುಲ್‌ಮೊಹರ್ ಸಾಲಾಗಿ ಒಂದರ ಹಿಂದೊಂದು ಬಣ್ಣ ತೋರುತ್ತವೆ. ರಸ್ತೆಗೆ ಮಾಡಿದ ಈ ಲೆಕ್ಕವನ್ನು ಹನ್ನೆರಡು ಅಡಿ ಉದ್ದದ ಪಾತಿಗೆ ಇಳಿಸಿದರೆ ಸಾಕು.

ಹೊರನಾಡಿನಲ್ಲೂ ಈಚಿನ ಒಲವು ಅತ್ತಲೇ ಇದೆ. ನೆದರ್ಲೆಂಡಿನ ಕ್ಯೂಕೆನ್‌ಹಾಫ್ ತೋಟದಲ್ಲಿ ಪ್ರತಿವರ್ಷ ಸುಮಾರು 70 ಲಕ್ಷ ಗಡ್ಡೆಗಳನ್ನು ಹೊಸದಾಗಿ ಹೂಳುತ್ತಾರೆ, ತೋಟ ತೆರೆದಿರುವುದು ಎಂಟು ವಾರದಷ್ಟೆ. ಅದೇ ದೇಶದ ವಿನ್ಯಾಸಕ ಪೀಟ್ ಔಡಾಲ್ಫ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು. 2004ರಲ್ಲಿ ತೆರೆದ ಚಿಕಾಗೋದ ಲೂರಿ ಉದ್ಯಾನದಲ್ಲಿ ಅವರು ಬಹುವಾರ್ಷಿಕ ಗಿಡ, ಹುಲ್ಲುಗಳನ್ನು ನೆಟ್ಟರು. ಅವುಗಳ ಸಂದಿಯಲ್ಲಿ ಗಡ್ಡೆಗಳನ್ನು ಸೇರಿಸಿದವರು ಜಾಕ್ವೆಲೀನ್ ವಾನ್ ಡರ್ ಕ್ಲೂಟ್. ಅಲ್ಲಿ ಗಡ್ಡೆಗಳು ಹೂ ಮುಗಿಸಿ ಬಾಡುವ ಹೊತ್ತಿಗೆ ಸುತ್ತಲಿನ ಗಿಡಗಳು ಬೆಳೆದು ಬಾಡಿದ ಎಲೆಯನ್ನು ಮರೆಮಾಡುತ್ತವೆ.

ಯಾವ ತಿಂಗಳಿಗೆ ಯಾರು

ಬಿಬವೇವಾಡಿಯ ಪಾತಿಗೆ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಜೂನ್ ಎರಡನೆಯ ವಾರದಲ್ಲಿ.

ಮೊದಲ ದೊಡ್ಡ ಮಳೆಗೆ ಎದ್ದು ನಿಲ್ಲುವುದು ಮಳೆ ಲಿಲ್ಲಿ. ಒಣಗಿದ್ದ ನೆಲ ಚೆನ್ನಾಗಿ ನೆನೆದ ಕೆಲವೇ ದಿನಗಳಲ್ಲಿ ಗುಲಾಬಿ, ಹಳದಿ ಹೂ. ಬಿಳಿಯದು ತುಸು ತಡವಾಗಿ, ಮಳೆಗಾಲದ ಹಿಂಭಾಗದಲ್ಲಿ ತುಂಬಿ ಬರುತ್ತದೆ. ನಲ್ಲಿ ನೀರಿಗೆ ಬಾರದಷ್ಟು ಹೂ ಒಂದು ಜಡಿಮಳೆಗೆ ಬರುತ್ತದೆ ಎಂಬುದು ಬೆಳೆಸುವವರ ಅನುಭವ. ಒಂದೊಂದು ಹೂವಿನ ಆಯಸ್ಸು ಒಂದೆರಡು ದಿನ, ಆದರೆ ಪ್ರತಿ ಮಳೆಯ ಬಿಡುವಿನ ನಂತರ ಮತ್ತೊಂದು ತಂಡ ಬರುತ್ತದೆ. ಇದರ ಜೊತೆಗೇ ಜೇಡ ಲಿಲ್ಲಿಯ ಬಿಳಿ ಹೂವೂ, ಕ್ಯಾಲೇಡಿಯಂನ ಬಣ್ಣದ ಎಲೆಗಳೂ ಹೊರಡುತ್ತವೆ.

ಆಗಸ್ಟ್–ಸೆಪ್ಟೆಂಬರ್ ಅಗ್ನಿಶಿಖೆಯ ಕಾಲ. ಮಲೆನಾಡಿನವರು ಇದನ್ನು ಗೌರಿ ಹೂ ಎನ್ನುವುದು ಸುಮ್ಮನಲ್ಲ, ಗೌರಿ–ಗಣೇಶನ ಹೊತ್ತಿಗೇ ಕೆಂಪು–ಹಳದಿ ಜ್ವಾಲೆಯಂಥ ದಳಗಳನ್ನು ಹಿಂದಕ್ಕೆ ಮಡಿಚಿ ಅರಳುತ್ತದೆ. ಮಹಾರಾಷ್ಟ್ರದಲ್ಲಿ ಕಳಲಾವಿ ಎಂದು ಹೆಸರು, ಅಲ್ಲಿಯೂ ಅದು ಗೌರಿ ಪೂಜೆಯ ಹೂವೇ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳಿಗೂ ಜ್ಯೇಷ್ಠಾ ಗೌರಿಯ ಮೂರು ದಿನದ ಹಬ್ಬ ಹೊಸದಲ್ಲ. ಇದೇ ವೇಳೆಗೆ ಸೋನಟಕ್ಕಾ, ಅಂದರೆ ನಮ್ಮ ಕರಾವಳಿ–ಮಲೆನಾಡಿನ ಸುರುಳಿ ಸುಗಂಧಿ, ಚಿಟ್ಟೆಯಾಕಾರದ ಬಿಳಿ ಹೂ ಬಿಡುತ್ತದೆ. ಹಿಮಾಲಯದ ಪೂರ್ವಭಾಗದ ಈ ಗಿಡ ದೂರದ ಕ್ಯೂಬಾದಲ್ಲಿ ರಾಷ್ಟ್ರೀಯ ಪುಷ್ಪವಾಗಿದೆ.

ಹಸ್ತದ ಮಳೆ ಮುಗಿದು ಹಗಲು ಮೊಟಕಾಗುತ್ತಿದ್ದಂತೆ ಗಡ್ಡೆಗಳು ಹಿಂದೆ ಸರಿಯುತ್ತವೆ, ಬಹುವಾರ್ಷಿಕಗಳು ಮುಂದೆ ಬರುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗೋರಂಟಿಯ ನೇರಳೆ, ಬಿಳಿ, ಹಳದಿ. ನವೆಂಬರಿನಿಂದ ಸೇವಂತಿಗೆ. ಸೇವಂತಿಗೆಯ ಮೊಗ್ಗಿಗೆ ಉದ್ದನೆಯ ಕತ್ತಲೆ ಬೇಕು. ಸೊಸೈಟಿಯ ಹ್ಯಾಲೊಜನ್ ದೀಪ ರಾತ್ರಿಯಿಡೀ ಅದರ ಮೇಲೆ ಬೀಳುತ್ತಿದ್ದರೆ ಗಿಡ ಸೊಂಪಾಗಿ ಎಲೆ ಬಿಟ್ಟು ಹೂವನ್ನು ಮುಂದೂಡುತ್ತಲೇ ಇರುತ್ತದೆ. ದೀಪದ ಕಂಬದ ಬುಡಕ್ಕೆ ಅದನ್ನು ಇಡದಿರುವುದೇ ಪರಿಹಾರ.

ಡಿಸೆಂಬರಿನಿಂದ ಫೆಬ್ರವರಿಗೆ ಡೇಲಿಯಾ ಮತ್ತು ಗ್ಲಾಡಿಯೋಲಸ್. ಇವೆರಡನ್ನು ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಕೂರಿಸಬೇಕು. ಗ್ಲಾಡಿಯೋಲಸ್ ಎರಡರಿಂದ ಮೂರು ತಿಂಗಳಿಗೆ ದಂಡು ಕೊಡುತ್ತದೆ, ಹದಿನೈದು ದಿನಕ್ಕೊಂದು ಕಂತಿನಲ್ಲಿ ನೆಟ್ಟರೆ ಹೂವೂ ಕಂತಿನಲ್ಲಿ ಬರುತ್ತದೆ. ಇವುಗಳ ಕಾಲಡಿಯಲ್ಲಿ ನೀಲಿ ಸಾಲ್ವಿಯಾ ಚಳಿಗಾಲವಿಡೀ ನಿಂತಿರುತ್ತದೆ.

ಮಾರ್ಚಿನಿಂದ ಮೇವರೆಗಿನದು ಕಷ್ಟದ ಹೊತ್ತು, ಪುಣೆಯ ಹೆಚ್ಚಿನ ಪಾತಿಗಳು ಸೋಲುವುದು ಇಲ್ಲಿಯೇ. ಆದರೆ ಅಮರಿಲ್ಲಿಸ್‌ಗೆ ಇದೇ ಹಬ್ಬ. ಬಿಸಿಲೇರುತ್ತಿದ್ದಂತೆ ಗಡ್ಡೆಯ ಪಕ್ಕದಿಂದ ಪೊಳ್ಳು ದಂಡು ಎದ್ದು, ಅಂಗೈಯಗಲದ ಕೆಂಪು, ಕಿತ್ತಳೆ ಹೂಗಳನ್ನು ತೆರೆಯುತ್ತದೆ. ಅದರ ಹಿಂದೆಯೇ, ಮೊದಲ ಅಡ್ಡಮಳೆಯ ಆಸುಪಾಸಿನಲ್ಲಿ, ಕೊಡಗಿನ ಮನೆಯಂಗಳಗಳಲ್ಲಿ ಮೇ ಫ್ಲವರ್ ಎಂದೇ ಹೆಸರಾದ ಚೆಂಡು ಲಿಲ್ಲಿಯ ಕೆಂಪು ಗೋಳಗಳು ಬರುತ್ತವೆ. ಆಫ್ರಿಕಾ ಮೂಲದ ಈ ಗಡ್ಡೆಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಹಿತ. ಉಳಿದ ಜಾಗವನ್ನು ಬೇಸಿಗೆಗೆ ಅಂಜದ ಮೂವರು ಕಾಯುತ್ತಾರೆ: ಅಬ್ಬಲಿಗೆ, ನಿತ್ಯಪುಷ್ಪ, ತಿಳಿನೀಲಿಯ ಪ್ಲಂಬಾಗೊ. ಮರಾಠಿಯಲ್ಲಿ ಅಬೋಲಿ, ಸದಾಫುಲಿ ಎಂದು ಕೇಳಿದರೆ ಮೊದಲೆರಡು ಯಾವ ನರ್ಸರಿಯಲ್ಲೂ ಸಿಗುತ್ತವೆ.

ಈ ಸರದಿಯ ನಡುವೆ ಹೆಚ್ಚೇನೂ ಮಲಗದೆ ದುಡಿಯುವುದು ಸುಗಂಧರಾಜ. ಮೆಕ್ಸಿಕೋದಿಂದ ಬಂದು ದಖನ್ನಿನದೇ ಆಗಿಹೋದ ಗಡ್ಡೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದರಲ್ಲಿ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳನ್ನು ಬಿಡುಗಡೆ ಮಾಡಿದೆ. ಶೃಂಗಾರ್ ಮತ್ತು ಪ್ರಜ್ವಲ್ ಒಂಟಿಸುತ್ತಿನ ಹೂವಿನವು, ಕಂಪು ಹೆಚ್ಚು, ಮಾಲೆಗೆ ಸರಿ. ಸುವಾಸಿನಿ, ವೈಭವ್ ಹಲವು ಸುತ್ತಿನವು, ಹೂದಾನಿಗೆ ಸರಿ. ದೇಶದ ಪುಷ್ಪ ಸಂಶೋಧನಾ ನಿರ್ದೇಶನಾಲಯವೂ 2014ರಿಂದ ಪುಣೆಯಲ್ಲೇ ನೆಲೆಸಿದೆ.

ಜೋಡಿ ಕೂಡಿಸುವ ಕ್ರಮ

ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ಪೂರ್ವಕ್ಕೆ ತೆರೆದ ಕಾಂಪೌಂಡ್ ಗೋಡೆಯ ಪಾತಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐದಾರು ತಾಸು ಬಿಸಿಲು ಬಿದ್ದರೆ ಸಾಕು.

ಗೋಡೆಗೆ ಹತ್ತಿದ ಹಿಂಸಾಲಿನಲ್ಲಿ ಎರಡು ಬುಡ ನಿಂಬೆಹುಲ್ಲು. ಪುಣೆಯ ಮನೆಗಳಲ್ಲಿ ಗವತಿ ಚಹಾ ಎಂದು ಬೆಳಗಿನ ಚಹಾಕ್ಕೆ ಬೀಳುವ ಈ ಹುಲ್ಲು ವರ್ಷವಿಡೀ ಹಸಿರು ಪರದೆಯಾಗುತ್ತದೆ. ಅದರ ಪಕ್ಕ ಎರಡು ಪ್ಲಂಬಾಗೊ. ಅಗ್ನಿಶಿಖೆಯ ಗಡ್ಡೆಗಳನ್ನು ಪ್ಲಂಬಾಗೊದ ಬುಡಕ್ಕೇ ಹೂಳಬೇಕು, ಏಕೆಂದರೆ ಅದರ ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ, ಬೇರೆ ಕೋಲು ಕಟ್ಟುವ ಕೆಲಸವಿಲ್ಲ. ಸೆಪ್ಟೆಂಬರಿನಲ್ಲಿ ತಿಳಿನೀಲಿಯ ನಡುವೆ ಬೆಂಕಿಯ ಬಣ್ಣ. ನವೆಂಬರಿಗೆ ಬಳ್ಳಿ ಒಣಗಿ ಕಾಣೆಯಾದರೂ ಪ್ಲಂಬಾಗೊ ಇರುವುದರಿಂದ ಜಾಗ ಬರಿದೆನಿಸುವುದಿಲ್ಲ. ಜೀಬ್ರಾ ಬ್ಲೂ ಎಂಬ ಪುಟ್ಟ ಪಟ್ಟೆ ಚಿಟ್ಟೆ ಮೊಟ್ಟೆಯಿಡಲು ಬರುವುದೂ ಈ ಪ್ಲಂಬಾಗೊಕ್ಕೆ.

ನಡುಸಾಲಿನಲ್ಲಿ ಸುಗಂಧರಾಜದ ಇಪ್ಪತ್ತು ಗಡ್ಡೆ, ಒಂದೇ ಸಾಲಾಗಿ ಅಲ್ಲ, ಐದೈದರ ಗುಂಪುಗಳಾಗಿ. ಇದರ ದಂಡು ಚೆಂದ, ಬುಡದ ಎಲೆ ಮಾತ್ರ ಹುಲ್ಲಿನ ಪೊದೆಯಂತೆ ಕೆದರಿಕೊಂಡಿರುತ್ತದೆ. ಎದುರಿಗೆ ನೀಲಿ ಸಾಲ್ವಿಯಾ ನಿಲ್ಲಿಸಿದರೆ ಆ ಗೊಂದಲ ಮುಚ್ಚುತ್ತದೆ. ಒಂದು ಬದಿಗೆ ಗೋರಂಟಿ, ಇನ್ನೊಂದು ಬದಿಗೆ ಮೂರು ಸೇವಂತಿಗೆ. ಜುಲೈ–ಆಗಸ್ಟಿನಲ್ಲಿ ಸೇವಂತಿಗೆಯ ಕುಡಿ ಚಿವುಟಿದರೆ ಗಿಡ ತಗ್ಗಾಗಿ, ಹರಡಿ ಬೆಳೆಯುತ್ತದೆ.

ಅಮರಿಲ್ಲಿಸ್‌ನ ಹತ್ತು ಹನ್ನೆರಡು ಗಡ್ಡೆಗೆ ತುಸು ಇಳಿಜಾರಾಗಿ ಕಟ್ಟಿದ ಪಾತಿಯ ಎತ್ತರದ ತುದಿ ಮೀಸಲು, ಜೊತೆಗೆ ನಿತ್ಯಪುಷ್ಪ ಮತ್ತು ಅಬ್ಬಲಿಗೆ. ನೆರಳಿರುವ ಮೂಲೆಯಲ್ಲಿ ಚೆಂಡು ಲಿಲ್ಲಿ ಮತ್ತು ಕ್ಯಾಲೇಡಿಯಂ. ಇವೆರಡೂ ಚಳಿಗಾಲದಲ್ಲಿ ಮಾಯವಾಗುವುದರಿಂದ ಅಲ್ಲಿ ಸದಾ ಹಸಿರಿನ ಸ್ಪೈಡರ್ ಪ್ಲಾಂಟ್ ನಡುನಡುವೆ ಇರಲಿ. ಮುಂದಿನ ಅಂಚಿಗೆ ಮಳೆ ಲಿಲ್ಲಿ ಒತ್ತೊತ್ತಾಗಿ. ಐವತ್ತು ಗಡ್ಡೆ ಹೆಚ್ಚೆನಿಸಬಹುದು, ಆದರೆ ಹತ್ತಿಪ್ಪತ್ತು ಹಾಕಿದರೆ ಕಣ್ಣಿಗೇ ಬೀಳುವುದಿಲ್ಲ. ಬೇಸಿಗೆಯಲ್ಲಿ ಅಂಚು ಬೋಳೆನಿಸಿದರೆ ಬೇರು ಆಳಕ್ಕಿಳಿಯದ ಟೇಬಲ್ ರೋಸ್ ತುಂಡುಗಳನ್ನು ಮೇಲೆಯೇ ಚುಚ್ಚಿಬಿಡಬಹುದು.

ಗಡ್ಡೆ ಹೂಳುವ ಆಳ ಒಂದೊಂದಕ್ಕೆ ಒಂದೊಂದು. ಅಮರಿಲ್ಲಿಸ್‌ನ ಕುತ್ತಿಗೆ ಮತ್ತು ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗಿರಬೇಕು, ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಕೊಳೆಯುವುದು ಹೆಚ್ಚು. ಮಳೆ ಲಿಲ್ಲಿ ಒಂದೆರಡು ಅಂಗುಲ, ಸುಗಂಧರಾಜ ಎರಡು ಅಂಗುಲ, ಗ್ಲಾಡಿಯೋಲಸ್ ಮೂರ್ನಾಲ್ಕು ಅಂಗುಲ. ಅಗ್ನಿಶಿಖೆಯ ಕವೆಯಾಕಾರದ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಬೇಕು. ಅದರ ಮೊಳಕೆ ಇರುವುದು ತುದಿಯಲ್ಲಿ, ತುದಿ ಮುರಿದ ಗಡ್ಡೆಯಿಂದ ಬಳ್ಳಿ ಬರುವುದಿಲ್ಲ.

ಮಣ್ಣು, ನೀರು, ಕತ್ತರಿ

ಪುಣೆಯ ನೆಲ ಅಗ್ನಿಶಿಲೆಯಿಂದಾದದ್ದು. ತಗ್ಗಿನಲ್ಲಿ ಎರೆಮಣ್ಣು, ದಿಬ್ಬದ ಕಡೆ ಅಲ್ಲಿಯವರು ಮುರುಮ್ ಎನ್ನುವ ಗರಸು. ಕಟ್ಟಡದ ಸುತ್ತಲಿನ ಪಟ್ಟಿಗಳಲ್ಲಿ ಇವೆರಡಕ್ಕಿಂತ ಹೆಚ್ಚಾಗಿ ಸಿಗುವುದು ರಾಡಾರೋಡಾ, ಅಂದರೆ ಇಟ್ಟಿಗೆ ಚೂರು, ಗಾರೆ ತುಂಡು. ಆದ್ದರಿಂದ ಮೊದಲ ಕೆಲಸ ಅಗೆತ. ಒಂದೂವರೆ ಅಡಿ ಅಗೆದು ಕಲ್ಲು ಆರಿಸಿ, ನರ್ಸರಿಯವರು ಚೀಲದಲ್ಲಿ ಮಾರುವ ಕೆಂಪು ಮಣ್ಣು, ದಪ್ಪ ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ, ಸುತ್ತಲಿನ ನೆಲಕ್ಕಿಂತ ಎಂಟು ಹತ್ತು ಅಂಗುಲ ಎತ್ತರಕ್ಕೆ ಏರುಮಡಿ ಕಟ್ಟಬೇಕು. ಎರೆಮಣ್ಣು ನೀರು ಕುಡಿದು ಉಬ್ಬಿದರೆ ಗಡ್ಡೆಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಜುಲೈಯ ಮಳೆಗೆ ಸಾಯುವ ಗಡ್ಡೆಗಳು ನೀರು ಹೆಚ್ಚಾಗಿ ಸಾಯುವುದಕ್ಕಿಂತ ನೀರು ನಿಂತು ಸಾಯುತ್ತವೆ.

ಗಡ್ಡೆ ಮತ್ತು ಬಹುವಾರ್ಷಿಕಗಳು ಜಗಳವಾಡುವುದು ನೀರಿನ ವಿಷಯದಲ್ಲಿ. ಸೇವಂತಿಗೆ ನವೆಂಬರಿನಲ್ಲಿ ನೀರು ಕೇಳುತ್ತದೆ, ಅದೇ ಹೊತ್ತಿಗೆ ಅಮರಿಲ್ಲಿಸ್‌ಗೆ ಒಣ ನಿದ್ದೆ ಬೇಕು. ಎರಡನ್ನೂ ಒಂದೇ ಪೈಪಿನ ಕೆಳಗೆ ಇಟ್ಟರೆ ಒಂದಕ್ಕೆ ಅನ್ಯಾಯ. ಅದಕ್ಕಾಗಿಯೇ ಪಾತಿಗೆ ತುಸು ಇಳಿಜಾರು ಕೊಡುವುದು. ಎತ್ತರದ ತುದಿಗೆ ಬಾಯಾರಿಕೆ ಕಡಿಮೆಯಿರುವವು: ಅಮರಿಲ್ಲಿಸ್, ನಿತ್ಯಪುಷ್ಪ, ಗೋರಂಟಿ, ಪ್ಲಂಬಾಗೊ. ತಗ್ಗಿನ ತುದಿಗೆ ನೀರು ಬೇಡುವವು: ಜಾಗವಿದ್ದರೆ ಸೋನಟಕ್ಕಾ, ಜೇಡ ಲಿಲ್ಲಿ, ಒಂದು ಬುಡ ಕ್ಯಾನಾ. ಮಳೆ ಕೈಕೊಟ್ಟ ವರ್ಷ ಖಡಕವಾಸಲಾ ಸಾಲಿನ ಅಣೆಕಟ್ಟುಗಳು ತಳ ಕಂಡು ನಗರದಲ್ಲಿ ನೀರಿನ ಕಡಿತ ಶುರುವಾದರೂ ಎತ್ತರದ ತುದಿ ವಾರಕ್ಕೆರಡು ಸಲದ ನೀರಿನಲ್ಲಿ ಬದುಕುತ್ತದೆ. ಅಡುಗೆಮನೆಯ ಹಸಿ ಕಸದ ಗೊಬ್ಬರ, ಒಣ ಎಲೆಯ ಎರಡಂಗುಲ ಹೊದಿಕೆ ಇದ್ದರೆ ಇನ್ನೂ ಸಲೀಸು. ಆದರೆ ಅಮರಿಲ್ಲಿಸ್‌ನ ಕುತ್ತಿಗೆಗೆ ಹೊದಿಕೆ ತಾಗಬಾರದು.

ಪಾತಿ ಉಳಿಯುವುದೋ ಅಳಿಯುವುದೋ ಎಂಬುದು ಕೊನೆಗೆ ನಿಲ್ಲುವುದು ಕತ್ತರಿ ಹಿಡಿದವರ ಮೇಲೆ. ಹೂ ಮುಗಿದ ಗಡ್ಡೆ ಗಿಡದ ಎಲೆ ಉದ್ದುದ್ದ ಜೋತುಬಿದ್ದು ಅಶಿಸ್ತಾಗಿ ಕಾಣುತ್ತದೆ. ಸೊಸೈಟಿಯ ಮಾಳಿ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಅದನ್ನು ಬುಡಕ್ಕೆ ಕೊಯ್ದುಬಿಡುತ್ತಾನೆ. ಮರುವರ್ಷ ಗಡ್ಡೆ ಹೂ ಬಿಡುವುದಿಲ್ಲ, ಗಡ್ಡೆಯೇ ಕೆಟ್ಟದ್ದೆಂಬ ತೀರ್ಮಾನವಾಗುತ್ತದೆ. ಅಮರಿಲ್ಲಿಸ್ ಗಡ್ಡೆಯೊಳಗೆ ಸುಮಾರು ನಾಲ್ಕು ಎಲೆಗೆ ಒಂದರಂತೆ ಹೂಗೊಂಚಲು ಹುಟ್ಟುತ್ತದೆ. ಮಳೆಗಾಲದಲ್ಲಿ ಎಷ್ಟು ಎಲೆ ಬೆಳೆದು ಬಿಸಿಲು ಕುಡಿಯುತ್ತದೆಯೋ ಮುಂದಿನ ಬೇಸಿಗೆಯ ಹೂ ಅಷ್ಟು. ಹಾಗಾಗಿ ಒಣಗಿದ ಹೂದಂಡನ್ನು ಕತ್ತರಿಸಬಹುದು, ಹಸಿರೆಲೆಯನ್ನು ಅದಾಗಿಯೇ ಹಳದಿಯಾಗುವವರೆಗೆ ಮುಟ್ಟಬಾರದು. ಬಹುವಾರ್ಷಿಕಗಳ ಮರೆ ಬೇಕಾಗುವುದು ಈ ಎರಡು ಮೂರು ತಿಂಗಳಿಗೇ.

ಮಲಗಿದ ಗಡ್ಡೆಗೆ ಇರುವ ಇನ್ನೊಂದು ಅಪಾಯ ಗುದ್ದಲಿ. ಜನವರಿಯಲ್ಲಿ ಬೋಳಾಗಿ ಕಂಡ ಜಾಗಕ್ಕೆ ಹೊಸ ಗಿಡ ನೆಡಲು ಹೋಗಿ ಅಗ್ನಿಶಿಖೆಯ ಗಡ್ಡೆಯನ್ನು ಎರಡು ತುಂಡು ಮಾಡುವುದು ಸಾಮಾನ್ಯ. ಗಡ್ಡೆ ಹೂತ ಕಡೆ ಚಿಕ್ಕ ಬೆಣಚುಕಲ್ಲಿನ ಸುತ್ತು ಹಾಕಿ, ಮಾಳಿಗೆ ತೋರಿಸಿಟ್ಟರೆ ಇದು ತಪ್ಪುತ್ತದೆ.

ಹುಳು, ಬಸವನಹುಳು, ವಿಷ

ಮಳೆಗಾಲದಲ್ಲಿ ಅಮರಿಲ್ಲಿಸ್, ಅಗ್ನಿಶಿಖೆಗಳ ಎಲೆ ರಾತ್ರೋರಾತ್ರಿ ಬೋಳಾದರೆ ಅದು ಲಿಲ್ಲಿ ಪತಂಗದ ಮರಿಗಳ ಕೆಲಸ. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಈ ಹುಳುಗಳು ಗುಂಪಾಗಿ ಮೇಯುತ್ತವೆ. ಎದ್ದು ಕಾಣುವ ಬಣ್ಣದ್ದರಿಂದ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದು ಸುಲಭ, ಬೇವಿನೆಣ್ಣೆಯ ಸಿಂಪಡಣೆಯೂ ಆದೀತು. ಆಫ್ರಿಕನ್ ಬಸವನಹುಳುವಿನ ಕಾಟ ಇರುವಲ್ಲಿ ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಸೇರಿದವನ್ನು ಎತ್ತಿಬಿಡಬೇಕು. ಬೇವಿನ ಹಿಂಡಿಯನ್ನು ನಾಟಿಯ ವೇಳೆಯೇ ಮಣ್ಣಿಗೆ ಬೆರೆಸಿದರೆ ಸುಗಂಧರಾಜದ ಬೇರಿಗೆ ಹತ್ತುವ ಜಂತುಹುಳು ಹತೋಟಿಯಲ್ಲಿರುತ್ತದೆ.

ಮಕ್ಕಳು, ನಾಯಿಗಳು ಓಡಾಡುವ ಅಂಗಳದಲ್ಲಿ ಒಂದು ವಿಷಯ ಎಲ್ಲರಿಗೂ ತಿಳಿದಿರಬೇಕು. ಅಗ್ನಿಶಿಖೆಯ ಗಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ತಿಂದರೆ ಪ್ರಾಣಕ್ಕೇ ಅಪಾಯ. ಅಮರಿಲ್ಲಿಸ್, ಕ್ರೈನಮ್, ಚೆಂಡು ಲಿಲ್ಲಿಗಳ ಗಡ್ಡೆಯೂ ಹೊಟ್ಟೆಗೆ ಹೋಗುವಂಥದ್ದಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಗ್ನಿಶಿಖೆಯನ್ನು ಬಿಟ್ಟು ಆ ಜಾಗಕ್ಕೆ ಶಂಖಪುಷ್ಪದ ಬಳ್ಳಿ ಹಬ್ಬಿಸುವುದು ವಾಸಿ. ಕಿತ್ತಿಟ್ಟ ಯಾವ ಗಡ್ಡೆಯನ್ನೂ ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರ ಇಡಬಾರದು.

ಎಲ್ಲಿ ಕೊಳ್ಳುವುದು, ಹೇಗೆ ಹೆಚ್ಚಿಸುವುದು

ಇಡೀ ಪಾತಿಯನ್ನು ಒಂದೇ ಸಲ ತುಂಬಿಸಬೇಕಿಲ್ಲ. ಮೇ ಕೊನೆಯಲ್ಲಿ ಮಳೆ ಲಿಲ್ಲಿ, ಸುಗಂಧರಾಜ, ಅಗ್ನಿಶಿಖೆ, ಜೂನ್–ಜುಲೈನಲ್ಲಿ ಬಹುವಾರ್ಷಿಕಗಳು, ಅಕ್ಟೋಬರಿನಲ್ಲಿ ಡೇಲಿಯಾ, ಗ್ಲಾಡಿಯೋಲಸ್, ಚಳಿಗಾಲದ ಕೊನೆಗೆ ಅಮರಿಲ್ಲಿಸ್. ಪುಣೆಯಲ್ಲಿ ಸೋಲಾಪುರ ರಸ್ತೆಯುದ್ದಕ್ಕೂ ಹಡಪಸರ, ಮಾಂಜರಿ, ಉರುಳಿ ಕಾಂಚನದವರೆಗೆ ನರ್ಸರಿಗಳ ಸಾಲೇ ಇದೆ. ಅಮರಿಲ್ಲಿಸ್, ಗ್ಲಾಡಿಯೋಲಸ್ ಗಡ್ಡೆಗಳು ಬಹಳ ಕಾಲದಿಂದ ಕಾಲಿಂಪಾಂಗ್ ಕಡೆಯಿಂದ ದೇಶಕ್ಕೆಲ್ಲ ಹಂಚಿಕೆಯಾಗುತ್ತವೆ. ಕೊಳ್ಳುವಾಗ ಗಡ್ಡೆ ಕೈಗೆ ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ತೂಕವಾಗಿ ಇರಬೇಕು, ಬುಡದ ತಟ್ಟೆ ಮೆತ್ತಗಾಗಿದ್ದರೆ ಬೇಡ.

ಬೆಳೆದ ಗಿಡಗಳನ್ನು ಮೊದಲು ಕಣ್ಣಾರೆ ನೋಡಬೇಕೆನ್ನುವವರಿಗೆ ಎಂಪ್ರೆಸ್ ಗಾರ್ಡನ್ ಇದೆ. 1830ರಲ್ಲಿ ಹುಟ್ಟಿದ ಪಶ್ಚಿಮ ಭಾರತದ ಕೃಷಿ–ತೋಟಗಾರಿಕೆ ಸಂಘ ನಡೆಸುವ 39 ಎಕರೆಯ ಈ ಉದ್ಯಾನದಲ್ಲಿ ಗಣರಾಜ್ಯೋತ್ಸವದ ಆಸುಪಾಸಿಗೆ ಹೂವಿನ ಪ್ರದರ್ಶನ ನಡೆಯುತ್ತದೆ. ಅಲ್ಲಿ ಕಾಣುವುದು ಚಳಿಗಾಲದ ಮುಖ ಮಾತ್ರ, ಹಾಗಾಗಿ ಜುಲೈನಲ್ಲಿ ಇನ್ನೊಮ್ಮೆ ಹೋಗುವುದು ಲೇಸು.

ಮೂರನೆಯ ವರ್ಷಕ್ಕೆ ಪಾತಿ ಇಕ್ಕಟ್ಟಾಗುತ್ತದೆ. ಸುಗಂಧರಾಜದ ಒಂದು ಗಡ್ಡೆಯ ಸುತ್ತ ಮರಿಗಳ ಹಿಂಡೇ ಸೇರಿ ಹೂದಂಡು ಸಣ್ಣದಾಗತೊಡಗುತ್ತದೆ. ಚಳಿಗಾಲದ ಕೊನೆಯಲ್ಲಿ ಎಲೆ ಹಳದಿಯಾದಾಗ ಕಿತ್ತು, ನೆರಳಲ್ಲಿ ಕೆಲವು ವಾರ ಒಣಗಿಸಿ, ಹೆಬ್ಬೆರಳ ದಪ್ಪದವನ್ನು ಮಾತ್ರ ಮತ್ತೆ ನೆಡಬೇಕು. ಸಣ್ಣವನ್ನು ಒಂದು ಕುಂಡದಲ್ಲಿ ಬೆಳೆಸಿದರೆ ಅವು ಮರುವರ್ಷಕ್ಕೆ ಸಿದ್ಧ. ಡೇಲಿಯಾ ಗಡ್ಡೆ ಪುಣೆಯ ಮಳೆಗಾಲವನ್ನು ನೆಲದಲ್ಲಿ ತಾಳದು, ಮಾರ್ಚಿನಲ್ಲಿ ಎತ್ತಿ ಒಣ ಮರಳಿನಲ್ಲಿ ಇಡಬೇಕು. ಮಳೆ ಲಿಲ್ಲಿಯನ್ನು ಯಾವಾಗ ಬೇಕಾದರೂ ಹಿಡಿಹಿಡಿಯಾಗಿ ಕಿತ್ತು ಬೇರೆಡೆ ಕೂರಿಸಬಹುದು. ಐವತ್ತು ಗಡ್ಡೆಯಿಂದ ಶುರುವಾದ ಅಂಚು ನಾಲ್ಕೈದು ವರ್ಷದಲ್ಲಿ ಸೊಸೈಟಿಯ ಗೇಟಿನಿಂದ ಪಾರ್ಕಿಂಗ್‌ವರೆಗೆ ಸಾಲುವಷ್ಟು ಆಗುತ್ತದೆ. ಎರಡನೆಯ ಪಾತಿಗೆ ನರ್ಸರಿಯಿಂದ ಕೊಂಡು ತರಬೇಕಾದದ್ದು ಬಹುಶಃ ಕೆಂಪು ಮಣ್ಣಿನ ಚೀಲಗಳಷ್ಟೆ.